ಕೆರೆ ತುಂಬಿದೆ, ತೂಬು ತೆರೆಯದು!

ಇಂದಿರಾನಗರದ ಒಂದು ಮನೆಯಲ್ಲಿ ಹೀಗಾಯಿತೆಂದು ಭಾವಿಸಿ. ತಿಂಗಳ ಕಾಲ ಊರಿಗೆ ಹೋಗಿದ್ದ ಕುಟುಂಬ ರಾತ್ರಿಯಷ್ಟೇ ಮರಳಿದೆ. ಬೆಳಿಗ್ಗೆ ಮಗಳಿಗೆ ಕೆ.ಆರ್. ಪುರದಲ್ಲಿ ಪ್ರವೇಶ ಪರೀಕ್ಷೆ. ಊರಿಗೆ ಹೊರಡುವಾಗ ಮನೆಯ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಮುಕ್ಕಾಲು ಪಾಲು ತುಂಬಿತ್ತು. ಈಗ ಕೀಲಿಯ ಗುಂಡಿ ಒತ್ತಿದರೆ ಬಾಗಿಲೇ ತೆರೆಯುತ್ತಿಲ್ಲ. ತಂದೆ ಗಾಬರಿಯಿಂದ ಆಟೋ ಹುಡುಕಲು ಓಡುತ್ತಾರೆ. ಅಷ್ಟೊಂದು ವಿದ್ಯುತ್ತು ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ. ಕೆರೆ ತುಂಬಿದ್ದರೂ ತೂಬು ತೆರೆಯದಿದ್ದರೆ ಕಾಲುವೆಗೆ ನೀರು ಬಾರದಷ್ಟೆ? ಇಲ್ಲಿಯೂ ಹಾಗೆಯೇ. ಎಲೆಕ್ಟ್ರಿಕ್ ಕಾರಿನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳಿರುತ್ತವೆ. ಚಕ್ರ ಉರುಳಿಸುವುದು ದೊಡ್ಡ ಲಿಥಿಯಂ ಬ್ಯಾಟರಿ. ಅನೇಕ ಕಾರುಗಳಲ್ಲಿ ಅದರ ವೋಲ್ಟೇಜು 300ಕ್ಕೂ ಹೆಚ್ಚು. ಇನ್ನೊಂದು, ಪೆಟ್ರೋಲ್ ಕಾರಿನಲ್ಲಿರುವಂಥದೇ 12 ವೋಲ್ಟಿನ ಸಣ್ಣ ಬ್ಯಾಟರಿ. ಬಾಗಿಲ ಬೀಗ, ದೀಪ, ಹಾರನ್, ವೈಪರ್, ಒಳಗಿನ ಕಂಪ್ಯೂಟರ್ ಎಲ್ಲವೂ ಇದನ್ನೇ ನಂಬಿವೆ.

ಕಾರು ನಿಂತಿರುವಾಗ ಅಪಾಯಕಾರಿ ವಿದ್ಯುತ್ತು ತಂತಿಗಳಿಗೆ ಹರಿಯಬಾರದೆಂದು ದೊಡ್ಡ ಬ್ಯಾಟರಿಗೆ 'ಕಾಂಟ್ಯಾಕ್ಟರ್' ಎಂಬ ಸ್ವಿಚ್ಚುಗಳಿವೆ. ಕಾರು ಆರಿಸಿದೊಡನೆ ಅವು ಸಂಪರ್ಕ ಕಡಿದುಬಿಡುತ್ತವೆ. ಮತ್ತೆ ಕೂಡಬೇಕಾದರೆ ಅವುಗಳ ತಂತಿಸುರುಳಿಯಲ್ಲಿ ವಿದ್ಯುತ್ ಹರಿದು, ಅದು ವಿದ್ಯುತ್ಕಾಂತವಾಗಬೇಕು. ಇದು ಪ್ರೌಢಶಾಲೆಯ ಪಾಠವೇ. ಆ ವಿದ್ಯುತ್ ಒದಗಿಸುವುದು ಸಣ್ಣ ಬ್ಯಾಟರಿ. ಅದು ಬರಿದಾದರೆ ತೂಬು ತೆರೆಯುವವರೇ ಇಲ್ಲ!

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಸಣ್ಣ ಬ್ಯಾಟರಿಯ ಸಾಮರ್ಥ್ಯ 35 ಆಂಪಿಯರ್-ಗಂಟೆ ಎಂದಿಟ್ಟುಕೊಳ್ಳಿ. 12 ವೋಲ್ಟಿನಿಂದ ಗುಣಿಸಿದರೆ 420 ವ್ಯಾಟ್-ಗಂಟೆ. 30 ಕಿಲೋವ್ಯಾಟ್-ಗಂಟೆಯ ದೊಡ್ಡ ಬ್ಯಾಟರಿ ಇದರ ಸುಮಾರು 70 ಪಟ್ಟು. ನಿಂತ ಕಾರಿನಲ್ಲೂ ಕಳ್ಳಗಂಟೆ, ಕೀಲಿಯ ಸಂಕೇತಕ್ಕೆ ಕಾಯುವ ಉಪಕರಣ ಮುಂತಾದವು ಎಚ್ಚರವಾಗಿರುತ್ತವೆ. ಅವು 50 ಮಿಲಿಆಂಪಿಯರ್ ಹೀರಿದರೂ 700 ಗಂಟೆಗಳಲ್ಲಿ, ಅಂದರೆ 29 ದಿನಗಳಲ್ಲಿ, ಬ್ಯಾಟರಿ ಬರಿದು. ಕಾರು ಓಡುವಾಗ ಒಂದು ಪರಿವರ್ತಕವು ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಸುಮಾರು 14ಕ್ಕೆ ಇಳಿಸಿ ಸಣ್ಣದನ್ನು ತುಂಬಿಸುತ್ತದೆ. ಕೆಲವು ಕಾರುಗಳಲ್ಲಿ ನಿಂತಾಗಲೂ ಈ ಕೆಲಸ ಆಗಾಗ ನಡೆಯುತ್ತದೆ, ಎಲ್ಲದರಲ್ಲೂ ಅಲ್ಲ.

ಈ ಸಣ್ಣ ಬ್ಯಾಟರಿ ಹೆಚ್ಚಾಗಿ ಸೀಸ-ಆಮ್ಲದ್ದು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಬಗೆ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು 6 ವೋಲ್ಟಿನ ಇಂಥ 8 ಬ್ಯಾಟರಿಗಳ ಸರಣಿಯಿಂದ, 48 ವೋಲ್ಟಿನಲ್ಲಿ ಓಡುತ್ತಿತ್ತು. ಅಂದು ಕಾರನ್ನೇ ಎಳೆದದ್ದು ಇಂದು ಬಾಗಿಲು ಕಾಯುತ್ತಿದೆ.

ಪೆಟ್ರೋಲ್ ಕಾರಿನ ಎಂಜಿನ್ ತಿರುಗಿಸಲು ನೂರಾರು ಆಂಪಿಯರ್ ಬೇಕು. ಹಾಗಾಗಿ ಬ್ಯಾಟರಿ ಸೊರಗಿದರೆ ಕಾರು ನರಳಿ ಮುನ್ಸೂಚನೆ ಕೊಡುತ್ತದೆ. ಎಲೆಕ್ಟ್ರಿಕ್ ಕಾರಿಗೆ ಕೆಲವೇ ಆಂಪಿಯರ್ ಸಾಕು. ಆದ್ದರಿಂದ ಕೊನೆಯ ದಿನದವರೆಗೂ ಸುಳಿವೇ ಸಿಗದಿರಬಹುದು. ಮೂರು-ನಾಲ್ಕು ವರ್ಷ ಹಳೆಯದಾದ ಬ್ಯಾಟರಿಯನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಪೂರ್ಣ ತುಂಬಿದಾಗ ಅದರ ವೋಲ್ಟೇಜು ಸುಮಾರು 12.6, 12ರ ಆಸುಪಾಸಿಗೆ ಇಳಿದರೆ ಬಹುತೇಕ ಬರಿದಾದಂತೆ.

ಅನೇಕ ಕೀಲಿಗಳೊಳಗೆ ಬಾಗಿಲು ತೆರೆಯಲು ಲೋಹದ ಕೀಲಿಯೊಂದು ಅಡಗಿರುತ್ತದೆ. ಮುಂದಿನ ಕ್ರಮ ಕಾರಿನ ಕೈಪಿಡಿಯಲ್ಲಿದೆ. ಕಿತ್ತಳೆ ಬಣ್ಣದ ತಂತಿಗಳನ್ನು ಮಾತ್ರ ಮುಟ್ಟಲೇಬಾರದು. ಅವು ದೊಡ್ಡ ಬ್ಯಾಟರಿಯವು. ಪರೀಕ್ಷೆಯ ಮುನ್ನಾದಿನ ಹಾಲ್ ಟಿಕೆಟ್ ಜೋಡಿಸಿಡುವಾಗ, ಕಾರನ್ನೂ ಒಮ್ಮೆ ಚಾಲೂ ಮಾಡಿ ನೋಡುವುದು ಜಾಣತನ.