ಒಂದು ಚಿಪ್ಪಿಗಾಗಿ ವರ್ಷಗಟ್ಟಲೆ ವ್ಯಾಜ್ಯ



ಇದು ಕಂಪ್ಯೂಟರ್ ಯುಗ. ಕಂಪ್ಯೂಟರಿನ ಮೆದುಳೇ ಚಿಪ್. ಇದು ತೆಂಗಿನ ಚಿಪ್ಪಲ್ಲ! ಸಿಲಿಕಾನಿನ ಚಿಕ್ಕ ಚೂರು. 1978ರಲ್ಲಿ ಅಮೆರಿಕದ ಇಂಟೆಲ್ ಕಂಪನಿ ತಯಾರಿಸಿದ 8086 ಎಂಬ ಚಿಪ್ಪಿನಲ್ಲಿ ಸುಮಾರು 29,000 ಟ್ರಾನ್ಸಿಸ್ಟರುಗಳಿದ್ದವು. ಇಂಥ ಚಿಪ್ಪಿನ ನಕ್ಷೆ ತಯಾರಿಸುವುದು ಬಹಳ ಕಷ್ಟದ ಕೆಲಸ. ಆದ್ದರಿಂದ ಆ ನಕ್ಷೆಯೇ ಕಂಪನಿಯ ಆಸ್ತಿ. ಬೇರೆಯವರು ಅದನ್ನು ಬಳಸಬೇಕಾದರೆ ಒಪ್ಪಿಗೆ ಬೇಕು. ಆ ಒಪ್ಪಿಗೆಗೆ ಲೈಸೆನ್ಸ್ ಎನ್ನುತ್ತಾರೆ. ನಾನು ಲೈಸೆನ್ಸ್ ಅಂದ್ರೆ ಬಸ್ ಓಡಿಸೋರಿಗೆ ಕೊಡೋದು ಮಾತ್ರ ಅಂದುಕೊಂಡಿದ್ದೆ.

ತನ್ನ ಆಸ್ತಿಯನ್ನು ಇನ್ನೊಬ್ಬರಿಗೆ ಯಾಕೆ ಕೊಡಬೇಕು? ಊರಿಗೆ ಒಂದೇ ಹಿಟ್ಟಿನ ಗಿರಣಿ ಇದ್ದು ಅದು ಕೆಟ್ಟರೆ ಏನಾಗುತ್ತದೆ? ರಾಗಿ ಇದ್ದರೂ ಮುದ್ದೆ ಇಲ್ಲ. 1981ರಲ್ಲಿ ಐ.ಬಿ.ಎಂ. ಕಂಪನಿ ತನ್ನ ಪರ್ಸನಲ್ ಕಂಪ್ಯೂಟರಿಗೆ ಇಂಟೆಲ್ಲಿನ 8088 ಚಿಪ್ ಹಾಕಿತು. ಒಬ್ಬರನ್ನೇ ನಂಬಿದರೆ ಆಗದು, ಚಿಪ್ ಮಾಡುವವರು ಇಬ್ಬರಾದರೂ ಇರಬೇಕು ಎಂದು ಅದು ಪಟ್ಟು ಹಿಡಿಯಿತು. ಹೀಗಾಗಿ 1982ರಲ್ಲಿ ಇಂಟೆಲ್ ಮತ್ತು ಎ.ಎಂ.ಡಿ. ಕಂಪನಿಗಳು ಹತ್ತು ವರ್ಷದ ಕರಾರು ಮಾಡಿಕೊಂಡವು. ಒಬ್ಬರ ಚಿಪ್ಪಿನ ವಿವರ ಇನ್ನೊಬ್ಬರಿಗೆ ಕೊಟ್ಟು, ಅದಕ್ಕೆ ತಕ್ಕದ್ದನ್ನು ಪಡೆಯುವುದು, ಇದೇ ಕರಾರು.

1985ರಲ್ಲಿ ಇಂಟೆಲ್ಲಿನ 386 ಚಿಪ್ ಬಂತು. ಇದರಲ್ಲಿ 2,75,000 ಟ್ರಾನ್ಸಿಸ್ಟರುಗಳು! ಆದರೆ ಇದನ್ನು ತಾನೊಬ್ಬನೇ ಮಾಡಿ ಮಾರಬೇಕೆಂದು ಇಂಟೆಲ್ ಮೊದಲೇ ತೀರ್ಮಾನಿಸಿತ್ತು. ಎ.ಎಂ.ಡಿ.ಗೆ ಮಾತ್ರ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಎ.ಎಂ.ಡಿ. ಕಾದೂ ಕಾದೂ 1987ರಲ್ಲಿ ದೂರು ಕೊಟ್ಟಿತು. ವ್ಯಾಜ್ಯ ಬಂದರೆ ಮಧ್ಯಸ್ಥರು ತೀರ್ಮಾನಿಸಬೇಕೆಂದು ಕರಾರಿನಲ್ಲೇ ಇತ್ತು. ಒಬ್ಬ ನಿವೃತ್ತ ನ್ಯಾಯಾಧೀಶರು ಮಧ್ಯಸ್ಥರಾದರು. ವಿಚಾರಣೆ ನಡೆಯುತ್ತಿರುವಾಗಲೇ, 1991ರಲ್ಲಿ, ಎ.ಎಂ.ಡಿ. ತಾನೇ ಕಷ್ಟಪಟ್ಟು 386ರಂತೆಯೇ ಕೆಲಸ ಮಾಡುವ ಚಿಪ್ ತಂದಿತು.

1992ರಲ್ಲಿ ತೀರ್ಪು ಬಂತು. 386ನ್ನು ಕೊಡಲೇಬೇಕು ಎಂದು ಕರಾರಿನಲ್ಲಿ ಇರಲಿಲ್ಲ. ಆದರೆ ಇಂಟೆಲ್ ಪ್ರಾಮಾಣಿಕವಾಗಿ ನಡೆದುಕೊಳ್ಳಲಿಲ್ಲ ಎಂದು ಮಧ್ಯಸ್ಥರು ಹೇಳಿದರು. ಎ.ಎಂ.ಡಿ.ಯದೂ ಸ್ವಲ್ಪ ತಪ್ಪಿದೆ ಎಂದರು. ಇಂಟೆಲ್ 1 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಬೇಕು, ಎ.ಎಂ.ಡಿ. ತನ್ನ 386 ಚಿಪ್ ಮಾರಬಹುದು ಎಂದಾಯಿತು. ಇಂಟೆಲ್ ಒಪ್ಪದೆ ಕೋರ್ಟಿಗೆ ಹೋಯಿತು. 1994ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಅದೇ ತೀರ್ಪನ್ನು ಎತ್ತಿಹಿಡಿಯಿತು. 1995ರಲ್ಲಿ ಇಬ್ಬರೂ ರಾಜಿಯಾದರು.

ಇನ್ನೊಂದು ತಮಾಷೆ. ‘386’ ಎಂಬ ಹೆಸರು ತನ್ನದೇ ಎಂದು ಇಂಟೆಲ್ ವಾದಿಸಿತ್ತು. 1991ರಲ್ಲಿ ಕೋರ್ಟು ಒಪ್ಪಲಿಲ್ಲ. ಅಂಕಿ ಯಾರಪ್ಪನ ಆಸ್ತಿಯೂ ಅಲ್ಲವಲ್ಲ! ಅದಕ್ಕೇ 1993ರ ಚಿಪ್ಪಿಗೆ 586 ಎನ್ನದೆ ‘ಪೆಂಟಿಯಂ’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಪೆಂಟೆ’ ಎಂದರೆ ಐದು.

ಇದರಿಂದ ನಾವು ಕಲಿಯುವುದೇನು? ಇಂಟೆಲ್ ‘ಕೊಡಲ್ಲ’ ಅಂತ ಮೊದಲೇ ಹೇಳಿದ್ದರೆ ಎ.ಎಂ.ಡಿ. ತನ್ನ ಕೆಲಸ ಆಗಲೇ ಶುರು ಮಾಡುತ್ತಿತ್ತು. ಗಣಿತದ ನೋಟ್ಸ್ ‘ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ’ ಅಂತ ಪರೀಕ್ಷೆ ತನಕ ಕಾಯಿಸುವವರು ನಮ್ಮಲ್ಲೂ ಇದ್ದಾರೆ. ಇಲ್ಲ ಅಂದರೆ ಒಂದು ದಿನ ಬೇಜಾರು. ಕಾಯಿಸಿದರೆ ಪರೀಕ್ಷೆಯೇ ಹೋಗುತ್ತದೆ. ಕೊಡುವುದಾದರೆ ಕೊಡೋಣ, ಇಲ್ಲದಿದ್ದರೆ ಇಲ್ಲ ಎಂದು ಅವತ್ತೇ ಹೇಳಿಬಿಡೋಣ.