ಕೆಂಪಗಿರುವುದೆಲ್ಲ ಚೆರ್ರಿಯಲ್ಲ

ಸಮೇತನಹಳ್ಳಿಯೂ ಸೇರಿದಂತೆ ಹೊಸಕೋಟೆ ಸುತ್ತಿನ ಊರುಗಳಲ್ಲಿ ಯಾರಾದರೂ ‘ಕಾಡು ಚೆರ್ರಿ’ ಎಂದು ಒಂದು ಮರ ತೋರಿಸಿದರೆ, ಅದು ಬಹುಮಟ್ಟಿಗೆ ಗಸಗಸೆ ಹಣ್ಣಿನ ಮರ. ನರ್ಸರಿಗಳಲ್ಲಿ ಅದನ್ನೇ ಸಿಂಗಪುರ ಚೆರ್ರಿ ಎನ್ನುತ್ತಾರೆ. ಆದರೆ ಅದು ಚೆರ್ರಿಯೂ ಅಲ್ಲ, ಸಿಂಗಪುರದ್ದೂ ಅಲ್ಲ. ತವರು ಅಮೆರಿಕ ಖಂಡದ ಉಷ್ಣವಲಯ. ಸಸ್ಯಶಾಸ್ತ್ರದ ಹೆಸರು ಮುಂಟಿಂಜಿಯಾ ಕಲಬುರ.

ಹೂವು ನೋಡಿದವರು ಮೋಸಹೋಗುವುದು ಸಹಜ. ಚೆರ್ರಿಯ ಹಾಗೆಯೇ ಐದು ಬಿಳಿ ಎಸಳು, ನಡುವೆ ಹಳದಿ ಕೇಸರಗಳ ಗುಂಪು. ಆದ್ದರಿಂದ ಹೂವು, ಹಣ್ಣಿನ ಬಣ್ಣ ಎರಡನ್ನೂ ಬದಿಗಿಟ್ಟು ಎಲೆಯನ್ನು ಕೈಗೆತ್ತಿಕೊಳ್ಳಬೇಕು. ಗಸಗಸೆ ಮರದ ಎಲೆಯ ಅಂಚು ಗರಗಸದಂತಿದೆ, ಮುಟ್ಟಿದರೆ ಮೃದು ರೋಮ, ಬೆರಳಿಗೆ ತುಸು ಅಂಟು. ಎಲೆಯ ಬುಡವಂತೂ ಓರೆ: ನಡುನರದ ಒಂದು ಬದಿ ಇನ್ನೊಂದಕ್ಕಿಂತ ಕೆಳಗಿಳಿದಿರುತ್ತದೆ. ಇದೊಂದೇ ಗುರುತು ಸಾಕು ಎನ್ನುವಷ್ಟು ಸ್ಪಷ್ಟ. ಇನ್ನೂ ಅನುಮಾನವಿದ್ದರೆ ಹಣ್ಣು ಚಿವುಟಿ. ಸಿಹಿ ತಿರುಳಿನಲ್ಲಿ ಸಾವಿರಾರು ಸಣ್ಣ ಬೀಜಗಳಿರುತ್ತವೆ. ಗುಲಾಬಿಯ ಕುಟುಂಬಕ್ಕೆ ಸೇರಿದ ನಿಜವಾದ ಚೆರ್ರಿಯಲ್ಲಿ ಇರುವುದು ಒಂದೇ ಗಟ್ಟಿ ಗೊರಟೆ. ಅದರ ಎಲೆತೊಟ್ಟಿನ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ಗ್ರಂಥಿಗಳು, ತೊಗಟೆಯ ಮೇಲೆ ಅಡ್ಡಗೀರುಗಳು. ಹಣ್ಣಿಗಾಗಿ ಬೆಳೆಸುವ ಆ ಚೆರ್ರಿಗೆ ಚಳಿಗಾಲದ ಗಾಢ ಚಳಿ ಬೇಕು. ಕಾಶ್ಮೀರ, ಹಿಮಾಚಲದಲ್ಲಿ ಅಂಥ ಚಳಿ ಸಿಗುತ್ತದೆ, ಬಯಲುಸೀಮೆಯಲ್ಲಿ ಸಿಗುವುದಿಲ್ಲ.

ಪಾಯಸದ ಗಸಗಸೆ ಈ ಮರದ್ದೇ ಎಂದು ನಂಬಿದವರೂ ಇದ್ದಾರೆ. ಅದು ಅಫೀಮು ಗಿಡದ ಕಾಯಿಯೊಳಗಿನ ಬೀಜ. ನಮ್ಮ ದೇಶದಲ್ಲಿ ಆ ಗಿಡವನ್ನು ಬೆಳೆಯಲು ಸರ್ಕಾರದ ಪರವಾನಗಿ ಬೇಕು.

ಇನ್ನು ಕೇಕು, ಬನ್ನಿನ ಮೇಲೆ ಕೂರಿಸುವ ಕೆಂಪು ಚೆರ್ರಿ. ನಮ್ಮ ಬೇಕರಿಗಳಲ್ಲಿ ಅದು ಹೆಚ್ಚಾಗಿ ಕವಳೆ ಜಾತಿಯ ಕರಂಡೆ ಕಾಯಿ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಹಾಕಿ ಮಾರುತ್ತಾರೆ. ಕಣಗಿಲೆ ಕುಟುಂಬದ ಈ ಮುಳ್ಳುಪೊದೆಯನ್ನು ಗುರುತಿಸುವುದು ಬಹಳ ಸುಲಭ: ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಮುರಿದರೆ ಬಿಳಿ ಹಾಲು ಒಸರುತ್ತದೆ, ಹೂವು ಮಲ್ಲಿಗೆಯಂತೆ ಬಿಳುಪು, ಘಮಘಮ. ಮಾಗಿದ ಹಣ್ಣು ಕೆಂಪಲ್ಲ, ಕಡುನೇರಳೆ. ಹುಳಿಸಿಹಿ ರುಚಿಯ, ಬೇಲಿಗೂ ಉಪ್ಪಿನಕಾಯಿಗೂ ಒದಗುವ ಇಂಥ ಗಿಡ ತನ್ನ ಹೆಸರಿನಲ್ಲೇ ಮಾರಾಟವಾಗಬೇಕಿತ್ತು.

ಬೆಂಗಳೂರಿನ ರಸ್ತೆಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ‘ಚೆರ್ರಿ ಹೂ ಅರಳಿದೆ’ ಎಂಬ ಫೋಟೋಗಳು ಹರಿದಾಡುತ್ತವೆ. ಅದು ತಬೆಬುಯಾ. ಬಿದ್ದ ಹೂವನ್ನು ಎತ್ತಿ ನೋಡಿ: ಬಿಡಿ ಎಸಳುಗಳಿಲ್ಲ, ಒಂದೇ ಕಹಳೆ. ಎಲೆ ಅಂಗೈಯಂತೆ ಐದಾಗಿ ಸೀಳಿದೆ. ಹಣ್ಣಂತೂ ಬಿಡುವುದೇ ಇಲ್ಲ, ಉದ್ದನೆಯ ಒಣಕಾಯಿ ಬಿರಿದು ರೆಕ್ಕೆಬೀಜ ಹಾರುತ್ತದೆ.

ಹಾಗಾದರೆ ಕರ್ನಾಟಕದಲ್ಲಿ ಚೆರ್ರಿಯ ಸಂಬಂಧಿಗಳೇ ಇಲ್ಲವೆ? ಇದ್ದಾರೆ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಪ್ರೂನಸ್ ಸಿಲಾನಿಕಾ ಎಂಬ ಎತ್ತರದ ಮರವಿದೆ. ಚೆರ್ರಿಯದೇ ಕುಲ, ಆದರೆ ಚೆರ್ರಿಗಿರುವಂತೆ ಎಲೆಯಂಚಿನಲ್ಲಿ ಗರಗಸವಿಲ್ಲ.

ಇವೆಲ್ಲಕ್ಕಿಂತ ನನಗೆ ಆತಂಕ ತರುವ ನಂಬಿಕೆ ಬೇರೆಯದು: ಹಕ್ಕಿ ತಿಂದದ್ದನ್ನು ನಾವೂ ತಿನ್ನಬಹುದು ಎನ್ನುವುದು. ಗಸಗಸೆ ಹಣ್ಣಿನ ಮಟ್ಟಿಗೆ ಅದು ಸರಿಹೋಗುತ್ತದೆ. ಬೇಲಿಗೆ ಹಬ್ಬಿದ ಗುಲಗಂಜಿಯ ಕೆಂಪು ಬೀಜದ ವಿಷಯದಲ್ಲಿ ಹಾಗಲ್ಲ. ಗಟ್ಟಿ ಸಿಪ್ಪೆ ಒಡೆಯದೆ ನುಂಗಿದಾಗ ವಿಷ ಹೊರಬರುವುದು ಕಡಿಮೆ, ಅಗಿದರೆ ಪ್ರಾಣಕ್ಕೇ ಅಪಾಯ. ಮಕ್ಕಳು ಹಲ್ಲಿನಿಂದ ಕಚ್ಚುತ್ತಾರೆ, ಹಕ್ಕಿಗೆ ಹಲ್ಲಿಲ್ಲ.