ಬೊಜ್ಜಿನ ಶಸ್ತ್ರಚಿಕಿತ್ಸೆಯ ಬಳಿಕ ಎಲುಬುಗಳ ಯೋಗಕ್ಷೇಮ

ಮಧುಮೇಹ, ಮಂಡಿನೋವು, ಏದುಸಿರುಗಳಿಂದ ಬಳಲಿ, ಪಥ್ಯವಾಗಲಿ ವ್ಯಾಯಾಮವಾಗಲಿ ಫಲ ನೀಡದೆ ಕಡೆಗೆ ಶಸ್ತ್ರಚಿಕಿತ್ಸೆಯ ಮೊರೆಹೊಕ್ಕವರು ಈಗ ನಮ್ಮ ಕುಟುಂಬಗಳಲ್ಲಿಯೂ ಅಪರೂಪವಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಡಾ. ಎಡ್ವರ್ಡ್ ಮೇಸನ್ ಅವರು 1966ರಲ್ಲಿ ಆರಂಭಿಸಿದ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಇಂದು ಬೆಂಗಳೂರು, ಮಂಗಳೂರುಗಳ ಆಸ್ಪತ್ರೆಗಳಲ್ಲಿಯೂ ನಡೆಯುತ್ತಿದೆ. ಆದರೆ ಶಸ್ತ್ರಚಿಕಿತ್ಸೆ ಒಂದು ದಿನದ ಕೆಲಸ. ಅದರ ನಂತರದ ಶಿಸ್ತು ಜೀವಮಾನದ ಕೆಲಸ. ಈ ಎರಡನೆಯ ಮಾತು ಬಹುಮಂದಿಯ ಗಮನಕ್ಕೆ ಬಂದಂತಿಲ್ಲ.

ನಾವು ಬಲ್ಲ ಒಬ್ಬ ತಾಯಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬೈಪಾಸ್ ಆದ ಒಂದು ವರ್ಷದಲ್ಲಿ ಆಕೆಯ ತೂಕ ಬಹಳಷ್ಟು ಇಳಿದಿತ್ತು. ಮೂರನೆಯ ವರ್ಷ ಅಂಗಳದಲ್ಲಿ ಸಣ್ಣಗೆ ಜಾರಿ ಕೈಯೂರಿದ್ದಷ್ಟೇ, ಮಣಿಕಟ್ಟಿನ ಎಲುಬು ಮುರಿಯಿತು. ನೋಡಲು ಹೋದ ನಮ್ಮೊಡನೆ ಆಕೆ ತಗ್ಗಿದ ದನಿಯಲ್ಲಿ ಹೇಳಿದ್ದು ಇಷ್ಟು: "ಫಾದರ್, ಆ ಕ್ಯಾಲ್ಸಿಯಂ ಮಾತ್ರೆ ಸೀಮೆಸುಣ್ಣದ ತುಂಡಿನ ಹಾಗೆ. ನುಂಗಿದರೆ ಎದೆಯಲ್ಲೇ ನಿಂತುಬಿಡುತ್ತಿತ್ತು. ಆರು ತಿಂಗಳಿಗೇ ಬಿಟ್ಟುಬಿಟ್ಟೆ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಇತ್ತಲ್ಲ!" ಆಕೆಯ ಅಸಡ್ಡೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ನುಂಗಲಾಗದ ಮಾತ್ರೆ ಎಷ್ಟೇ ಉತ್ತಮವಾದರೂ ಔಷಧವಾಗಲಾರದು.

ತೋರಿಕೆ ಮತ್ತು ವಾಸ್ತವ

ಆಕೆಯ ಕೊನೆಯ ಮಾತು ವಿಚಾರಯೋಗ್ಯವಾದುದು. ನಮ್ಮ ಶರೀರದ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಎಲುಬು ಹಾಗೂ ಹಲ್ಲುಗಳಲ್ಲಿದೆ. ಹೃದಯದ ಬಡಿತಕ್ಕೆ, ಸ್ನಾಯು ಮತ್ತು ನರಗಳ ಕೆಲಸಕ್ಕೆ ಬೇಕಾಗುವ ಅಲ್ಪಾಂಶ ರಕ್ತದಲ್ಲಿರುತ್ತದೆ. ಈ ಅಲ್ಪಾಂಶ ಕುಸಿಯದಂತೆ ಕೊರಳಿನ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾವಲು ಕಾಯುತ್ತವೆ. ಆಹಾರದಿಂದ ಸಾಕಷ್ಟು ಬಾರದಿದ್ದರೆ ಅವು ಎಲುಬಿನಿಂದ ತೆಗೆದು ರಕ್ತಕ್ಕೆ ಒದಗಿಸುತ್ತವೆ. ಮನೆಯ ಚಿನ್ನವನ್ನು ಒಂದೊಂದಾಗಿ ಅಡವಿಟ್ಟು ಅಂಗಡಿಯ ಬಾಕಿ ತೀರಿಸುವ ಸಂಸಾರ ಹೊರಗಿನವರ ಕಣ್ಣಿಗೆ ಸುಖವಾಗಿಯೇ ಕಾಣುತ್ತದೆ. ಪೆಟ್ಟಿಗೆ ತೆರೆದಾಗಲೇ ಸತ್ಯ ತಿಳಿಯುವುದು. ಆದುದರಿಂದ ರಕ್ತದ ಕ್ಯಾಲ್ಸಿಯಂ ಒಂದನ್ನೇ ನೋಡಿ ಸಮಾಧಾನಪಡಬಾರದು. ಡಿ ಜೀವಸತ್ವ ಹಾಗೂ ಪ್ಯಾರಾಥೈರಾಯ್ಡ್ ಹಾರ್ಮೋನಿನ ಪ್ರಮಾಣವನ್ನೂ ಪರೀಕ್ಷಿಸಬೇಕು. ಮೊದಲ ವರ್ಷ ಕೆಲವು ಬಾರಿ, ಅನಂತರ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಗಳು ನಡೆಯುವುದು ಅಗತ್ಯ.

ಕೊರತೆ ಉಂಟಾಗುವುದೇಕೆ? ಕ್ಯಾಲ್ಸಿಯಂ ಮುಖ್ಯವಾಗಿ ಹೀರಲ್ಪಡುವುದು ಸಣ್ಣಕರುಳಿನ ಆರಂಭದ ಭಾಗದಲ್ಲಿ. ಬೈಪಾಸ್ ಆದವರಲ್ಲಿ ಜಠರವು ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವಾಗಿರುತ್ತದೆ. ಆಹಾರವು ಕರುಳಿನ ಆ ಭಾಗವನ್ನು ಬಳಸಿ ಮುಂದೆ ಸಾಗುತ್ತದೆ. ಜಠರಾಮ್ಲವೂ ಕಡಿಮೆ. ಸ್ಲೀವ್ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ದಾರಿ ಬದಲಾಗದಿದ್ದರೂ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯುವುದರಿಂದ ಆಹಾರ, ಆಮ್ಲ ಎರಡೂ ತಗ್ಗುತ್ತವೆ.

ಯಾವುದನ್ನು ಆರಿಸಬೇಕು?

ಔಷಧದ ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವುದು ಎರಡು ಬಗೆ. ಕ್ಯಾಲ್ಸಿಯಂ ಕಾರ್ಬೊನೇಟ್ ಅಗ್ಗವಾದುದು. ಆದರೆ ಅದು ಕರಗಲು ಆಮ್ಲ ಬೇಕು, ಊಟದೊಂದಿಗೇ ಸೇವಿಸಬೇಕು. ಕ್ಯಾಲ್ಸಿಯಂ ಸಿಟ್ರೇಟ್‌ಗೆ ಆಮ್ಲದ ಹಂಗಿಲ್ಲ. ಊಟದ ಜೊತೆಯಲ್ಲಾಗಲಿ ಬರಿಹೊಟ್ಟೆಯಲ್ಲಾಗಲಿ ತೆಗೆದುಕೊಳ್ಳಬಹುದು. ಈ ಕಾರಣದಿಂದಲೇ ಶಸ್ತ್ರಚಿಕಿತ್ಸೆಯಾದವರಿಗೆ ಸಿಟ್ರೇಟ್ ಹೆಚ್ಚು ಸೂಕ್ತವೆಂದು ತಜ್ಞರು ಹೇಳುತ್ತಾರೆ.

ರೂಪದ ಆಯ್ಕೆಯೂ ಅಷ್ಟೇ ಮುಖ್ಯ. ಮೊದಲ ವಾರಗಳಲ್ಲಿ ದ್ರವರೂಪ, ನೀರಿನಲ್ಲಿ ಕಲಸುವ ಪುಡಿ ಅಥವಾ ಅಗಿಯುವ ಮಾತ್ರೆಗಳೇ ಲೇಸು. ನೀರಿನಲ್ಲಿ ನೊರೆಯುಕ್ಕುವ ಮಾತ್ರೆಗಳು ಪುಟ್ಟ ಜಠರದಲ್ಲಿ ವಾಯು ತುಂಬಿ ಸಂಕಟ ಕೊಡಬಲ್ಲವು. ಮಿಠಾಯಿಯಂತಹ ಗಮ್ಮಿಗಳು ಬಾಯಿಗೆ ರುಚಿಯಾದರೂ ಅವುಗಳಲ್ಲಿ ಕ್ಯಾಲ್ಸಿಯಂ ಬಹುಮಟ್ಟಿಗೆ ಕಡಿಮೆ, ಸಕ್ಕರೆ ಹೆಚ್ಚು. ಹಣ ತೆರುವ ಮುನ್ನ ಚೀಟಿಯನ್ನು ಓದುವುದು ಜಾಣತನ.

ಚೀಟಿಯನ್ನು ಓದುವಾಗ ಹೆಸರಿಗೂ ವಸ್ತುವಿಗೂ ಇರುವ ಅಂತರವನ್ನು ಗಮನಿಸಬೇಕು. 1000 ಮಿಲಿಗ್ರಾಂ ಕ್ಯಾಲ್ಸಿಯಂ ಸಿಟ್ರೇಟ್ ಎಂದಿದ್ದರೆ ಅದರಲ್ಲಿರುವ ನಿಜವಾದ ಕ್ಯಾಲ್ಸಿಯಂ ಸುಮಾರು 210 ಮಿಲಿಗ್ರಾಂ ಮಾತ್ರ. 1250 ಮಿಲಿಗ್ರಾಂ ಕಾರ್ಬೊನೇಟ್‌ನಲ್ಲಿ 500 ಮಿಲಿಗ್ರಾಂ ಇರುತ್ತದೆ. ಬೈಪಾಸ್ ಅಥವಾ ಸ್ಲೀವ್ ಆದವರಿಗೆ ಆಹಾರ ಮತ್ತು ಮಾತ್ರೆಗಳಿಂದ ಸೇರಿ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ನಿಜವಾದ ಕ್ಯಾಲ್ಸಿಯಂ ಬೇಕೆನ್ನುವುದು ವೈದ್ಯಸಂಘಗಳ ಮಾರ್ಗದರ್ಶನ. ಡಿ ಜೀವಸತ್ವವಿಲ್ಲದೆ ಇದು ದೇಹಕ್ಕೆ ಹತ್ತದು. ಅದರ ಪ್ರಮಾಣವನ್ನು ರಕ್ತಪರೀಕ್ಷೆ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಹಂಚಿ ಸೇವಿಸುವ ಕ್ರಮ

ಒಮ್ಮೆಗೆ ಸುಮಾರು 500 ಮಿಲಿಗ್ರಾಂಗಿಂತ ಹೆಚ್ಚನ್ನು ದೇಹ ಚೆನ್ನಾಗಿ ಹೀರಿಕೊಳ್ಳದು. ಇಡೀ ದಿನದ್ದನ್ನು ರಾತ್ರಿ ಒಟ್ಟಿಗೆ ನುಂಗಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. ಹೀಗೊಂದು ಕ್ರಮವನ್ನು ಮಾಡಿಕೊಳ್ಳಬಹುದು: ಬೆಳಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ ಇದ್ದರೆ ಅದು, ಹತ್ತಕ್ಕೆ ಕ್ಯಾಲ್ಸಿಯಂ, ಮಧ್ಯಾಹ್ನ ಒಂದಕ್ಕೆ ಕಬ್ಬಿಣಾಂಶ, ಸಂಜೆ ನಾಲ್ಕಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಮತ್ತೆ ಕ್ಯಾಲ್ಸಿಯಂ.

ನಮ್ಮ ಅಡುಗೆಮನೆಯೂ ನೆರವಾಗಬಲ್ಲದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ನೂರು ಮಿಲಿಲೀಟರ್ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೊಸರು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು, ಎಳ್ಳು ಎಲ್ಲವೂ ಒಳ್ಳೆಯವೇ. ಆದರೆ ಅಂಗೈಯಷ್ಟು ಉಣ್ಣುವವರು ರಾಗಿಯ ಅಂಬಲಿಯೊಂದನ್ನೇ ನಂಬಿ ಮಾತ್ರೆಯನ್ನು ಕೈಬಿಡುವಂತಿಲ್ಲ. ತಪಸ್ಸುಕಾಲದಲ್ಲಿ ಔಷಧವನ್ನೂ ತ್ಯಾಗ ಮಾಡುವವರುಂಟು. ರೋಗಿಗಳ ಮೇಲೆ ಉಪವಾಸದ ಕಟ್ಟಳೆಯಿಲ್ಲ. ಔಷಧವನ್ನು ಬಿಡುವುದು ತಪಸ್ಸೂ ಅಲ್ಲ.

ಮೂತ್ರಪಿಂಡದ ಕಲ್ಲು ಬಂದವರು ಭಯದಿಂದ ತಾವಾಗಿಯೇ ಕ್ಯಾಲ್ಸಿಯಂ ನಿಲ್ಲಿಸಬಾರದು. ಮೂತ್ರಪಿಂಡದ ಬೇರೆ ತೊಂದರೆಯುಳ್ಳವರು ಕೇಳದೆ ಆರಂಭಿಸಲೂಬಾರದು. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಗುಟ್ಟುವಿಕೆ, ಸ್ನಾಯುಗಳ ಸೆಳೆತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಆ ತಾಯಿಗೆ ವೈದ್ಯರು ಈಗ ಅಗಿಯುವ ಸಿಟ್ರೇಟ್ ಮಾತ್ರೆಯನ್ನು ಬರೆದುಕೊಟ್ಟಿದ್ದಾರೆ. ಮೊಮ್ಮಗಳು ಶಾಲೆಯಿಂದ ಬಂದೊಡನೆ "ಅಜ್ಜಿ, ನಾಲ್ಕು ಗಂಟೆಯದ್ದು ಆಯಿತಾ?" ಎಂದು ಕೇಳುತ್ತಾಳಂತೆ. ತೂಕ ಇಳಿದಾಗ ಹೊಗಳಲು ಊರೇ ಬರುತ್ತದೆ. ಮೂರು ವರ್ಷ ಕಳೆದ ಮೇಲೆ ಮಾತ್ರೆಯ ಬಗ್ಗೆ ವಿಚಾರಿಸುವವರು ಮನೆಯವರಷ್ಟೇ. ನಿಮ್ಮ ಮನೆಯಲ್ಲಿ ಇಂತಹವರಿದ್ದರೆ ಇಂದೇ ಒಮ್ಮೆ ಕೇಳಿ ನೋಡಿ: ಮಾತ್ರೆ ನುಂಗಲು ಕಷ್ಟವಾಗುತ್ತಿದೆಯೇ? ಹೌದೆಂದರೆ ಮಾತ್ರೆಯನ್ನು ಬಿಡಬೇಕಾಗಿಲ್ಲ, ಬದಲಾಯಿಸಿದರೆ ಸಾಕು.